ಐದು ನಲವತ್ತರ ಪ್ರಕಟಣೆ

ಮೇಲ್ವಿಚಾರಕ ಕಂಪ್ಯೂಟರಿನ ಪರದೆಯನ್ನು ಲಾರಿ ಚಾಲಕನ ಕಡೆ ತಿರುಗಿಸಿದ. ಹೆದ್ದಾರಿಯ ಗೆರೆಯ ಮೇಲೊಂದು ಕೆಂಪು ಚುಕ್ಕೆ. ಜಿಪಿಎಸ್ ಕೂರಿಸಿದಾಗಿನಿಂದ, ಅಂದರೆ ಮೂರು ತಿಂಗಳಿಂದ, ದಿನವೂ ಅವನ ಲಾರಿ ಕಲ್ಲುಕ್ವಾರಿ ದಾಟಿದ ಮೇಲಿನ ತಿರುವಿನಲ್ಲಿ ಹನ್ನೊಂದು ನಿಮಿಷ ನಿಂತಿತ್ತು, ಸಂಜೆ ಐದು ಮೂವತ್ತಾರರಿಂದ ಐದು ನಲವತ್ತೇಳರವರೆಗೆ. ಅಲ್ಲಿ ಹೋಟೆಲಿಲ್ಲ, ನಲ್ಲಿಯಿಲ್ಲ, ನೆರಳಿಗೊಂದು ಮರವೂ ಇಲ್ಲ.

"ನಿದ್ದೆ ಅನ್ನೋಣ ಅಂದ್ರೆ ಹನ್ನೊಂದು ನಿಮಿಷಕ್ಕೆ ಯಾರಿಗೂ ಕಣ್ಣು ಹತ್ತಲ್ಲ," ಎಂದ ಮೇಲ್ವಿಚಾರಕ. ವಯಸ್ಸಿನಲ್ಲಿ ಚಾಲಕನಿಗಿಂತ ಇಪ್ಪತ್ತು ವರ್ಷ ಚಿಕ್ಕವನು. "ಯಾರನ್ನೋ ನೋಡೋಕೆ ನಿಲ್ಲಿಸ್ತೀರಿ ಅನ್ನೋಣ ಅಂದ್ರೆ ನಿಮ್ಮನ್ನ ನೋಡಿದ್ರೆ ಹಂಗೂ ಕಾಣಲ್ಲ. ನೀವೇ ಹೇಳಿಬಿಡಿ ಯಜಮಾನ್ರೇ."

"ರೇಡಿಯೋ ಕೇಳ್ತೀನಿ ಸಾರ್."

ಮೇಲ್ವಿಚಾರಕನಿಗೆ ನಗು ಬಂತು. ಇದು ಅವನ ಕೈಯಲ್ಲೇ ಪರಿಹಾರವಿದ್ದ ತೊಂದರೆ. ಮೇಜಿನ ಮೇಲಿದ್ದ ಹಾಳೆಯನ್ನು ಮುಂದೆ ತಳ್ಳಿದ. ಕಂಪನಿಯ ನಲವತ್ತೆರಡು ಲಾರಿಗಳಿಗೂ ಚಂದಾ ಕಟ್ಟಿ ಕೇಳುವ ಉಪಗ್ರಹ ರೇಡಿಯೋ ಬರಲಿತ್ತು. ಚಂದಾ ಕಂಪನಿಯೇ ಕಟ್ಟುತ್ತದೆ. ನೂರಿಪ್ಪತ್ತು ಚಾನೆಲ್, ಜಾಹೀರಾತಿಲ್ಲ, ಊರು ದಾಟಿದೊಡನೆ ಗೊರಗೊರ ಸದ್ದಿಲ್ಲ. ಬೇಡವೆನ್ನುವವರು ಈಗಿರುವ ಬಿಟ್ಟಿ ರೇಡಿಯೋವನ್ನೇ ಉಳಿಸಿಕೊಳ್ಳಬಹುದು. ಎರಡನ್ನೂ ಕೂರಿಸಲು ಲಾರಿಯಲ್ಲಿ ಜಾಗವಿಲ್ಲ. ಉಳಿದವರದೆಲ್ಲ ಆಗಿತ್ತು, ಇವನ ರುಜು ಮಾತ್ರ ಬಾಕಿ.

"ಹೊಸದು ಹಾಕಿಸ್ಕೊಳ್ಳಿ. ಓಡಿಸ್ತಾನೇ ಕೇಳಬಹುದು."

"ಅದರಲ್ಲಿ ಕಾಣೆಯಾದವರ ಪ್ರಕಟಣೆ ಓದ್ತಾರಾ ಸಾರ್?"

ಪೆನ್ನು ಕೊಡಲು ಚಾಚಿದ್ದ ಮೇಲ್ವಿಚಾರಕನ ಕೈ ಅಲ್ಲೇ ನಿಂತಿತು.

ಚಾಲಕ ವರದಿ ಒಪ್ಪಿಸುವವನಂತೆ ಹೇಳಿದ. ಏಳು ವರ್ಷದ ಹಿಂದೆ ಹೊಲಿಗೆ ತರಗತಿಗೆಂದು ಹೊರಟ ಮಗಳು ಮನೆಗೆ ಬರಲಿಲ್ಲ. ಹೆದ್ದಾರಿಯ ಕೂಡುರಸ್ತೆಯಲ್ಲಿ ಅವಳು ಲಾರಿಯೊಂದನ್ನು ಹತ್ತಿದ್ದನ್ನು ಪಂಕ್ಚರ್ ಅಂಗಡಿಯವನು ಕಂಡಿದ್ದ. ಸಿಕ್ಕ ಸುಳಿವು ಅಷ್ಟೇ. ಸ್ಥಳೀಯ ರೇಡಿಯೋ ಕೇಂದ್ರದವರು ದಿನವೂ ಸಂಜೆ ಐದು ನಲವತ್ತಕ್ಕೆ ಅವಳ ವಿವರ ಓದುತ್ತಾರೆ. ಅದಕ್ಕೆ ತಿಂಗಳಿಗೊಮ್ಮೆ ಹೊಸ ಅರ್ಜಿ ಕೊಡಬೇಕು, ಕೊಡುತ್ತಾ ಬಂದಿದ್ದಾನೆ. ಈಗ ಅವಳಿಗೆ ಇಪ್ಪತ್ತಾರು. ಪೊಲೀಸ್ ದೂರಿನಲ್ಲಿ ಇರುವುದನ್ನು ತಿದ್ದಲು ಬರುವುದಿಲ್ಲವೆಂದು ಕೇಂದ್ರದವರು ಹತ್ತೊಂಬತ್ತು ಎಂದೇ ಓದುತ್ತಾರೆ. ಜಾಹೀರಾತು ಜಾಸ್ತಿಯಾದ ದಿನ ಪ್ರಕಟಣೆಯನ್ನೇ ಕೈಬಿಡುವುದೂ ಉಂಟು. ಎರಡು ಸಲ ಹಾಗಾಗಿತ್ತು. ಮಾರನೆಯ ದಿನವೇ ಹೋಗಿ ಗೋಗರೆದು ಮತ್ತೆ ಸೇರಿಸಿ ಬಂದಿದ್ದ. ಅದಕ್ಕೇ ದಿನವೂ ಕಾದು ಕೇಳಬೇಕು. ಆ ತಿರುವು ದಾಟಿದರೆ ಗುಡ್ಡ ಅಡ್ಡ ಬಂದು ಕೇಂದ್ರ ಸಿಗುವುದಿಲ್ಲ.

"ನಾನು ಕೇಳಿದ್ರೆ ಏನು ಬಂತು ಸಾರ್. ಲಾರಿಯೋರು ಕೇಳಬೇಕು. ಹತ್ತಿಸ್ಕೊಂಡೋನು ಲಾರಿಯೋನೇ ತಾನೇ? ಯಾರಿಗೋ ಏನೋ ಗೊತ್ತಿರುತ್ತೆ."

ಮೇಲ್ವಿಚಾರಕ ಕೆಟ್ಟವನಲ್ಲ. ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ. ಹನ್ನೊಂದು ನಿಮಿಷದ ವಿಷಯ ತನಗೆ ಬಿಡಿ, ಮೇಲಿನವರು ಕೇಳಿದರೆ ತಾನೇ ಉತ್ತರ ಹೇಳುತ್ತೇನೆ ಎಂದ. ಹಾಳೆಯಲ್ಲಿ ಚಾಲಕನ ಹೆಸರಿನ ಮುಂದೆ 'ಹಳೆಯದು' ಎಂದು ಬರೆದು ಪೆನ್ನು ಕೊಟ್ಟ.

ರುಜು ಹಾಕಲು ಬಗ್ಗಿದ ಚಾಲಕನ ಕಣ್ಣು ಪಟ್ಟಿಯ ಮೇಲೆ ಹರಿಯಿತು. ಹೊಸದು, ಹೊಸದು, ಹೊಸದು. ತುದಿಯಿಂದ ತನ್ನ ಹೆಸರಿನವರೆಗೂ ಹೊಸದು.

"ಎಲ್ರೂನಾ ಸಾರ್?"

"ನಮ್ಮೋರಷ್ಟೇ ಅಲ್ಲ. ಸಿಮೆಂಟಿನೋರು, ಹಾಲಿನ ಟ್ಯಾಂಕರಿನೋರು ಹಾಕಿಸಿ ವರ್ಷ ಆಯ್ತು. ಬಿಟ್ಟಿ ರೇಡಿಯೋ ಈಗ ಯಾರು ಕೇಳ್ತಾರೆ ಯಜಮಾನ್ರೇ," ಎಂದವನು ಮರುಕ್ಷಣ ನಾಲಿಗೆ ಕಚ್ಚಿಕೊಂಡ. ಚಾಲಕ ರುಜು ಹಾಕಿ ಹೊರಗೆ ಬಂದ.

ಮುಂದಿನ ವಾರ, ಅದೇ ತಿರುವು. ಐದು ನಲವತ್ತಕ್ಕೆ ಎರಡು ನಿಮಿಷ ಇರುವಾಗ ಅವನು ಎಂದೂ ಮಾಡದ ಕೆಲಸ ಮಾಡಿದ. ಎರಡೂ ಕಿಟಕಿಗಳ ಗಾಜು ಇಳಿಸಿದ. ರೇಡಿಯೋದ ಗುಂಡಿಯನ್ನು ಇನ್ನು ತಿರುಗದು ಎನ್ನುವವರೆಗೆ ತಿರುಗಿಸಿದ. ಸಿಮೆಂಟ್ ಲಾರಿ ಹೋಯಿತು. ಟ್ಯಾಂಕರ್ ಹೋಯಿತು. ಎರಡರ ಗಾಜೂ ಏರಿತ್ತು. ಟ್ಯಾಂಕರಿನವನ ತುಟಿ ಯಾವುದೋ ಹಾಡಿಗೆ ಆಡುತ್ತಿತ್ತು.

ರೇಡಿಯೋದ ಹೆಂಗಸು ಮರೆವಿನ ಕಾಯಿಲೆಯ ಒಬ್ಬ ಮುದುಕನ ವಿವರ ಓದಿ ಮುಗಿಸುವ ಹೊತ್ತಿಗೆ, ಕಂಪನಿಯದೇ ಲಾರಿಯೊಂದು ಪಕ್ಕಕ್ಕೆ ಬಂದು ನಿಂತಿತು. ಓಡಿಸುತ್ತಿದ್ದವನು ಸಿಳ್ಳೆ, ಸದಾ ಸಿಳ್ಳೆ ಹಾಕುವುದರಿಂದ ಎಲ್ಲರೂ ಅವನನ್ನು ಕರೆಯುವುದೇ ಹಾಗೆ. ಅವನು ಗಾಜು ಇಳಿಸಿದ ಕೂಡಲೇ ಒಳಗಿದ್ದ ಹಾಡು ರಸ್ತೆಗೆ ನುಗ್ಗಿತು.

"ಏನಣ್ಣ, ಗಾಡಿ ಕೈಕೊಡ್ತಾ?"

ಚಾಲಕ ಇಲ್ಲವೆಂದು ತಲೆಯಾಡಿಸಿದ. ಮಗಳ ಹೆಸರು ಆಗಲೇ ಬಂದಿತ್ತು. ಕೇಳು ಎನ್ನುವಂತೆ ತನ್ನ ಕಿವಿಯ ಕಡೆ ಬೆರಳು ತೋರಿಸಿದ.

ಸಿಳ್ಳೆಯ ಮುಖ ಅರಳಿತು. "ಹೊಸದು ಅಣ್ಣ! ಎಲ್ಲಿ ಹೋದ್ರೂ ಕಟ್ಟಾಗಲ್ಲ, ಕೇಳು," ಎಂದು ಹಾಡನ್ನು ಇನ್ನಷ್ಟು ಏರಿಸಿದ.

ಆ ಅಬ್ಬರದ ಸಂದಿಯಲ್ಲಿ ಚಾಲಕನಿಗೆ ತನ್ನ ರೇಡಿಯೋದಿಂದ ಕೇಳಿಸಿದ್ದು 'ವಯಸ್ಸು ಹತ್ತೊಂಬತ್ತು' ಎಂಬುದೊಂದೇ.