ಇಬ್ಬರ ಬೆರಳು

ಕಾಗದ ಯಾರ ಹೆಸರಿನಲ್ಲಿದೆಯೋ ಅವರು ಬೆರಳಿಟ್ಟರೆ ಮಾತ್ರ ಅದರ ಬರಹ ಅವರ ಕನ್ನಡಕದಲ್ಲಿ ಮೂಡುತ್ತಿದ್ದ ಕಾಲವದು. ಅವರ ಒಪ್ಪಿಗೆಯಿಲ್ಲದೆ ಉಳಿದವರಿಗೆ ಕಾಣುತ್ತಿದ್ದುದು ಬರೀ ಹೆಸರು, ಮೊಹರು ಮತ್ತು ಬಿಳಿ ಹಾಳೆ. ಗದಗಿನ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಬಸ್ ಕಂಡಕ್ಟರ್ ಗುರುಬಸವ್ವ ತನ್ನ ಬಿಳಿ ಹಾಳೆಯನ್ನು ಓದುತ್ತಿದ್ದಳು. ಪಕ್ಕದಲ್ಲಿ ಅವಳ ಗಂಡ, ಟೇಲರ್ ಮಲ್ಲೇಶಪ್ಪ, ಚುರುಮುರಿ ತಿನ್ನುತ್ತ ಕಾಯುತ್ತಿದ್ದ.

"ಏನ್ ಬರದಾರ?"

"ಏನಿಲ್ಲ. ರಕ್ತ ಕಮ್ಮಿ ಐತಂತ."

ಅವಳು ಹಾಳೆ ಮಡಚಿ ಚೀಲಕ್ಕೆ ಹಾಕಿದಳು. ಮಲ್ಲೇಶಪ್ಪ ಚುರುಮುರಿಯ ಪೊಟ್ಟಣ ಕೆಳಗಿಟ್ಟ.

"ರಕ್ತ ಕಮ್ಮಿ ಅನ್ನೂದನ್ನ ಇಷ್ಟೊತ್ತು ಓದ್ತಾರೇನ? ನಿನ್ನ ಕಣ್ಣ ನೋಡಾಕತ್ತಿದ್ದೆ ನಾ."

"ಹೇಳಿದ್ರ ಮದುವಿ ಸೀಜನ್‌ನ್ಯಾಗ ಅಂಗಡಿ ಮುಚ್ಚಿ ಮನ್ಯಾಗ ಕೂಡ್ತಿ."

"ಕೂಡ್ತೀನಿ. ಅದಕ್ಕೇನೀಗ?"

ಗುರುಬಸವ್ವ ಚೀಲಕ್ಕೆ ಮತ್ತೆ ಕೈ ಹಾಕಿದಳು. ಹಾಳೆ ಹೊರತೆಗೆದು, ಗಂಡನ ಹೆಬ್ಬೆರಳನ್ನು ತನ್ನ ಬೆರಳಿನ ಪಕ್ಕಕ್ಕಿಟ್ಟಳು. ಕನ್ನಡಕ ಎಂದಿನಂತೆ ಒಪ್ಪಿಗೆ ಕೇಳಿತು. "ಹ್ಞೂಂ, ಇವ್ರಿಗೂ ತೋರಸು" ಎಂದಳು.

ಮಲ್ಲೇಶಪ್ಪನ ಕನ್ನಡಕದಲ್ಲೂ ಬರಹ ಮೂಡಿತು. ಎದೆಯ ಎಡಭಾಗದಲ್ಲಿ ಗಂಟು, ತಡಮಾಡದೆ ಆಪರೇಷನ್. ಅವನ ಬೆರಳು ಜಾರಿತು, ಬರಹ ಅಳಿಸಿಹೋಯಿತು. ಅವಳು ಮತ್ತೆ ಅವನ ಬೆರಳನ್ನು ಹಾಳೆಗೆ ಒತ್ತಿ ಹಿಡಿದಳು.

"ಈ ಕೊನೀ ಶಬ್ದ ಏನದು?"

"ನನಗೂ ತಿಳೀವಲ್ದು."

"ನಡಿ, ಒಳಗ ಹೋಗಿ ಕೇಳೂಣು."

ಬೆರಳು ತೆಗೆದರೆ ಬರಹ ಹೋದೀತೆಂದು ಇಬ್ಬರೂ ಹಾಳೆ ಬಿಡದೆ ಎದ್ದರು. ಡಾಕ್ಟರ ಕೋಣೆಯ ಬಾಗಿಲು ಕಿರಿದಾಗಿತ್ತು. ಅಡ್ಡಡ್ಡ ಸರಿದು ಒಳಗೆ ಹೋದರು.