ಹಸಿರು ಟೋಪಿಯ ಅಧಿಕಾರಿ

ತಪಾಸಣೆಯ ಮೇಡಂ ಬಂದರೆಂದು ಗೇಟಿನಿಂದ ಸೀಟಿ ಕೇಳಿದಾಗ ಪರಿಸರಾಧಿಕಾರಿ ಮೊಣಕಾಲುದ್ದ ನೀರಿನಲ್ಲಿ ನಿಂತು ಹೆಣ ಎತ್ತುತ್ತಿದ್ದ. ಒಟ್ಟು ಹದಿನಾಲ್ಕು. ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೀನುಗಳು. ಅವನ್ನು ಗೋಣಿಚೀಲಕ್ಕೆ ತುರುಕಿ ಪೊದೆಯ ಹಿಂದೆ ಎಸೆದ. ಬಕೆಟ್ಟಿನಲ್ಲಿದ್ದ ಜೀವಂತ ಮೀನುಗಳನ್ನು ಕೊಳಕ್ಕೆ ಸುರಿದು, ಟೋಪಿ ಸರಿಮಾಡಿಕೊಂಡ.

ಎರಡು ವರ್ಷದ ಹಿಂದೆ ಅವನು ಅದೇ ಚಿನ್ನದ ಗಣಿಯ ಕ್ಯಾಂಟೀನಿನಲ್ಲಿ ಅಡುಗೆಯವನಾಗಿದ್ದ. ದೊಡ್ಡ ಒಡವೆ ವ್ಯಾಪಾರಿಗಳು, ನೆಲಕ್ಕೂ ನೀರಿಗೂ ಕೇಡು ಮಾಡದ ಚಿನ್ನವಾದರೆ ಮಾತ್ರ ಕೊಳ್ಳುತ್ತೇವೆ ಎಂದು ಹಟ ಹಿಡಿದದ್ದೇ ತಡ, ಮ್ಯಾನೇಜರ್ ಧರ್ಮಾತ್ಮನಾಗಿಬಿಟ್ಟ. ಕಚೇರಿಯೆದುರು ಕೊಳ ತೋಡಿಸಿ, ‘ಇದು ನಮ್ಮ ಗಣಿಯಿಂದ ಹೊರಬಂದ ನೀರು, ಮೀನುಗಳೇ ಸಾಕ್ಷಿ’ ಎಂದು ಹಲಗೆ ನೆಡಿಸಿದ. ಮೀನಿನ ಬಗ್ಗೆ ಅಷ್ಟಿಷ್ಟು ಗೊತ್ತಿದ್ದವನು ಅಡುಗೆಯವನೊಬ್ಬನೇ. ಅವನಿಗೆ ಹಸಿರು ಟೋಪಿ ಹಾಕಿ ಪರಿಸರಾಧಿಕಾರಿ ಮಾಡಿದ.

ಸಾಕ್ಷಿಗಳು ಎರಡನೇ ದಿನಕ್ಕೇ ಸಾಯತೊಡಗಿದವು. ಕಪ್ಪೆಗಳು ಮಾತ್ರ ಅದು ಹೇಗೋ ಮಕ್ಕಳುಮರಿ ಮಾಡಿಕೊಂಡು ಹಾಯಾಗಿದ್ದವು. ಕಪ್ಪೆಗೇನು, ಗಟ್ಟಿ ಪಿಂಡ.

“ಮೀನು ಯಾಕೆ ಸಾಯ್ತಿವೆ ಸಾರ್?” ಎಂದು ಒಮ್ಮೆ ಮ್ಯಾನೇಜರನನ್ನು ಕೇಳಿದ್ದ.

“ಕಾರಣ ಹುಡುಕೋಕಲ್ಲಯ್ಯ ನಿನ್ನ ಇಟ್ಕೊಂಡಿರೋದು, ಮೀನು ಹುಡುಕೋಕೆ.”

ಹುಡುಕುವುದೇನೂ ಕಷ್ಟವಿರಲಿಲ್ಲ. ಹೆಂಡತಿಯ ತಮ್ಮ ಹೊಳೆಯಲ್ಲಿ ಬಲೆ ಬೀಸುತ್ತಿದ್ದ. ದಿನಾ ಬೆಳಿಗ್ಗೆ ಎರಡು ಬಕೆಟ್ಟು. ಒಂದು ಕೊಳಕ್ಕೆ, ಒಂದು ಮನೆಯ ಅಡುಗೆಗೆ. ಮನೆಯಲ್ಲಿ ಮಗಳು ಏಳು ತಿಂಗಳ ಬಸುರಿ.

“ಆ ಹಾಳು ಕೊಳದ ಒಂದು ಹನಿ ನೀರೂ ಮನೆಯೊಳಗೆ ಬರಕೂಡದು ನೋಡಿ” ಎಂದು ಹೆಂಡತಿ ಕಟ್ಟಪ್ಪಣೆ ಮಾಡಿದ್ದಳು. ಅವನು ಮೂರು ಸಲ ಸೋಪು ಹಚ್ಚಿ ಕೈಕಾಲು ತೊಳೆದೇ ಒಳಗೆ ಹೋಗುತ್ತಿದ್ದ.

ಮೇಡಂ ಕೊಳದ ದಂಡೆಯಲ್ಲಿ ನಿಂತರು. ಮ್ಯಾನೇಜರ್ ಹಸಿರು ಚಿನ್ನದ ಪುರಾಣ ಬಿಚ್ಚಿದ. ಅವರು ಬಗ್ಗಿ ನೀರನ್ನೇ ನೋಡಿದರು.

“ಈ ಮೀನು ಎಷ್ಟು ದಿನದಿಂದ ಇದಾವೆ?”

“ಎರಡು ವರ್ಷದಿಂದ, ಮೇಡಂ” ಎಂದ ಪರಿಸರಾಧಿಕಾರಿ.

“ಎರಡು ವರ್ಷ ಆದ್ರೂ ಅಂಗೈಯಷ್ಟೇ ಇದಾವಲ್ಲ. ಪಥ್ಯ ಮಾಡ್ತಿದಾವಾ?”

ಅವನು ಮತ್ತೊಮ್ಮೆ ಟೋಪಿ ಸರಿಮಾಡಿಕೊಂಡ. ಮ್ಯಾನೇಜರ್ ಫೋನು ಬಂತೆಂದು ಆಚೆ ಸರಿದ. ನಾಳೆ ಹುಟ್ಟುವ ಮೊಮ್ಮಗು ತಾತನ ಕೆಲಸ ಏನೆಂದು ಕೇಳಿದರೆ ಏನು ಹೇಳುವುದು? ಹೆಣ ಅಡಗಿಸುವ ಕೆಲಸವೆಂದೇ?

“ಸುಳ್ಳು ಮೇಡಂ, ಎಲ್ಲಾ ಸುಳ್ಳು” ಎಂದು ಉಸುರಿದ. “ಈ ನೀರಲ್ಲಿ ವಿಷ ಇದೆ. ದಿನಾ ಸಾಯ್ತಾವೆ, ದಿನಾ ಹೊಸದು ಬಿಡ್ತೀನಿ.” ಪೊದೆಯ ಹಿಂದಿನ ಗೋಣಿಚೀಲ ತಂದು ಅವರ ಕೈಗೇ ಕೊಟ್ಟ. ಮೇಡಂ ಒಂದು ಬಾಟಲಿ ನೀರನ್ನೂ ತುಂಬಿಕೊಂಡು ಹೊರಟರು.

ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಗಣಿ ಮುಚ್ಚಿದರೆ ಊರೇ ತನಗೆ ಶಾಪ ಹಾಕುತ್ತದೆ. ಆದರೂ ಎದೆಯ ಭಾರ ಇಳಿದಂತಿತ್ತು. ಹೆಂಡತಿಯೂ ಮೆಚ್ಚಿ, “ಈಗ ಗಂಡಸು ಅನ್ನಿಸಿಕೊಂಡ್ರಿ” ಎಂದಳು.

ಮೂರನೇ ದಿನ ಮಧ್ಯಾಹ್ನ ಮೇಡಂ ವರದಿ ಹಿಡಿದು ಬಂದರು. ಮ್ಯಾನೇಜರ್ ನಗುನಗುತ್ತ ಕುರ್ಚಿ ಎಳೆದು ಕೊಟ್ಟ.

“ಕೊಳದ ನೀರಲ್ಲಿ ಯಾವ ದೋಷವೂ ಇಲ್ಲ” ಎಂದರು ಮೇಡಂ. “ಕಣ್ಣು ಮುಚ್ಕೊಂಡು ಕುಡೀಬಹುದು. ಇದು ಬರೀ ಮಳೆನೀರು. ಗಣಿಯ ಒಂದು ತೊಟ್ಟೂ ಇದಕ್ಕೆ ಬಿದ್ದಿಲ್ಲ.”

“ನಾನು ಹೇಳ್ಲಿಲ್ವಾ?” ಎಂದು ಮ್ಯಾನೇಜರ್ ಮೀಸೆ ತಿರುವಿದ. “ಪರಿಶುದ್ಧ!”

“ಹಾಗಾದ್ರೆ ಮೀನು ಸಾಯ್ತಿದ್ದದ್ದು?” ಎಂದು ಕೇಳಿದ ಪರಿಸರಾಧಿಕಾರಿ.

“ವಿಷ ಮೀನಿನ ಹೊಟ್ಟೇಲೇ ಇತ್ತು. ಇಲ್ಲಿಗೆ ಬರೋ ಮೊದಲೇ.” ಮೇಡಂ ಮ್ಯಾನೇಜರನನ್ನೇ ದಿಟ್ಟಿಸಿದರು. “ಗಣಿಯ ನೀರನ್ನ ಇವರು ಎಲ್ಲಿಗೆ ಬಿಡ್ತಾರೆ ಅಂತ ಎರಡು ವರ್ಷದಿಂದ ಹುಡುಕ್ತಾ ಇದ್ದೆ. ಈಗ ನೀವು ಹೇಳಿ, ಮೀನು ಎಲ್ಲಿಂದ ತರ್ತಿದ್ರಿ?”

ಮನೆಯಲ್ಲಿ ಮಗಳಿಗೆ ಊಟ ಬಡಿಸುವ ಹೊತ್ತಾಗಿತ್ತು. ಅವನಾಗಲೇ ಗೇಟು ದಾಟಿ ಓಡುತ್ತಿದ್ದ.