ಹೆಬ್ಬೆಟ್ಟಿನ ಮಗಳು

ದೂರು ಕೊಟ್ಟವನು ಯಾರೆಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ನೇರವಾಗಿ ಕಾಲೇಜಿನ ಗ್ರಂಥಾಲಯಕ್ಕೆ ನುಗ್ಗಿದಳು. ಕಿಟಕಿಯ ಬಳಿ ಓದುತ್ತಿದ್ದ ಗೆಳೆಯನ ಪುಸ್ತಕವನ್ನು ಪಟ್ಟನೆ ಮುಚ್ಚಿದಳು.

“ನಮ್ಮನೇಲಿ ಉಂಡು ನನ್ನ ಬೆನ್ನಿಗೇ ಚೂರಿ ಹಾಕಿದೆಯಲ್ಲೋ!”

“ಏನಾಯ್ತೇ?”

“ಏನೂ ಗೊತ್ತಿಲ್ಲದವನ ಹಾಗೆ ಆಡಬೇಡ. ನಮ್ಮಮ್ಮ ಓದಿದವಳಂತೆ! ಮೇಷ್ಟ್ರ ಹತ್ರ ಯಾರೋ ಹೇಳಿದ್ದಾರೆ. ನಮ್ಮನೆಗೆ ಬಂದವನು ನೀನೊಬ್ಬನೇ. ಚುನಾವಣೇಲಿ ನನ್ನೆದುರು ನಿಂತು ಸೋತವನೂ ನೀನೊಬ್ಬನೇ.”

ಅವನು ಕಲ್ಲು ಒಡೆಯುವವರ ಮಗ. ದನಿ ಎತ್ತಿ ಮಾತಾಡಿ ಅಭ್ಯಾಸವಿರಲಿಲ್ಲ.

“ನಾನಲ್ಲ ಕಣೇ. ನಿನ್ನ ಕುರ್ಚಿ ಕಿತ್ಕೊಂಡು ನಾನೇನು ಮಾಡ್ಲಿ? ನಾಲ್ಕು ಜನರ ಮುಂದೆ ಬಾಯಿ ಬಿಟ್ರೆ ನಡುಗ್ತೀನಿ.”

“ನಡುಗೋರೇ ಹಿಂದಿನಿಂದ ಕಚ್ಚೋದು. ನಾಳೆ ವಿಚಾರಣೆಗೆ ಅಮ್ಮನ್ನೇ ಕರ್ಕೊಂಡು ಬರ್ತೀನಿ. ಅವಳ ಮುಖ ನೋಡ್ಕೊಂಡು ಹೇಳು.”

ಅವನು ತಲೆ ತಗ್ಗಿಸಿದ. ಅವಳಿಗೆ ಅಷ್ಟು ಸಾಕಾಗಿತ್ತು.

ವಿದ್ಯಾರ್ಥಿ ಸಂಘದಲ್ಲಿ ಒಂದು ಸ್ಥಾನ, ತಾಯಿ ತಂದೆ ಇಬ್ಬರೂ ಶಾಲೆ ಮುಗಿಸದ ಮನೆಗಳಿಂದ ಬಂದವರಿಗೆ ಮೀಸಲು. ಅಂಥವರು ಕಾಲೇಜಿನಲ್ಲಿ ಬೆರಳೆಣಿಕೆಯಷ್ಟು. ಹಿಂದಿನ ಬೆಂಚು ಹಿಡಿಯುವವರು, ಅರ್ಥವಾಗದಿದ್ದರೂ ತಲೆಯಾಡಿಸುವವರು, ಮನೆಗೆ ಹೋದರೆ ಕೇಳಲು ಯಾರೂ ಇಲ್ಲದವರು. ಅವರಿಗೆ ದನಿಯಾಗಲೆಂದೇ ಅವಳು ಚುನಾವಣೆಗೆ ನಿಂತಿದ್ದಳು. ಲಾರಿ ಓಡಿಸುತ್ತಿದ್ದ ಅಪ್ಪ ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನು. ಅವಳು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡವನು. ಅಮ್ಮ ಇದೇ ಕಾಲೇಜಿನಲ್ಲಿ ಕಸ ಗುಡಿಸುವವಳು, ಸಂಬಳಕ್ಕೆ ಹೆಬ್ಬೆಟ್ಟು ಒತ್ತುವವಳು. ಆ ಹೆಬ್ಬೆಟ್ಟನ್ನೇ ಮಗಳು ಚುನಾವಣೆಯ ಚಿಹ್ನೆ ಮಾಡಿಕೊಂಡಳು. ಗೋಡೆ ಗೋಡೆಯ ಮೇಲೂ ನೀಲಿ ಹೆಬ್ಬೆಟ್ಟು. ‘ಹೆಬ್ಬೆಟ್ಟಿನ ಮಗಳು’ ಎಂದು ಹೆಸರೇ ಬಿದ್ದುಹೋಯಿತು. ಆ ಹೆಸರನ್ನು ಅವಳು ತಲೆ ಎತ್ತಿಕೊಂಡು ಹೊತ್ತಳು.

ಆ ಚಿತ್ರ ಮೊದಲು ಕಂಡ ದಿನ ಅಮ್ಮ ಪೊರಕೆ ಹಿಡಿದು ಬಹಳ ಹೊತ್ತು ಅದರ ಮುಂದೆ ನಿಂತಿದ್ದಳು. ಹೆಮ್ಮೆಯಿಂದ ಮಾತು ನಿಂತಿದೆ ಎಂದುಕೊಂಡಳು ಮಗಳು.

ಗೆದ್ದ ಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಹಿಂದಿನ ಬೆಂಚಿನವರಿಗಾಗಿ ಸಂಜೆ ಪಾಠ ಬೇಕೆಂದು ಆಡಳಿತ ಮಂಡಳಿಯ ಬೆನ್ನು ಹತ್ತಿದಳು. ಬರುವ ಸೋಮವಾರ ಅವಳ ಮಾತು ಕೇಳಲು ಮಂಡಳಿ ಒಪ್ಪಿತ್ತು. ಇನ್ನೇನು ಕೈಗೆ ಬಂತು ಎನ್ನುವಾಗ ಈ ದೂರು.

ಚುನಾವಣೆ ನಡೆಸಿದ ಹಿರಿಯ ಮೇಷ್ಟ್ರು ಆ ಬೆಳಿಗ್ಗೆ ಅವಳನ್ನು ಕರೆಸಿ ಮೆಲ್ಲಗೆ ಹೇಳಿದ್ದರು: “ನೀನಾಗಿಯೇ ಬಿಟ್ಟುಕೊಡು ಮಗು. ವಿಚಾರಣೆ ಬೇಡ. ನಿನ್ನ ತಾಯಿಯನ್ನಂತೂ ಕರೆಸಲೇಬೇಡ. ಅವರ ಕೆಲಸಕ್ಕೇ ಕುತ್ತು ಬಂದೀತು.”

“ಯಾಕೆ ಸರ್? ದಿನಾ ಗುಡಿಸೋ ಕೋಣೇಲಿ ಒಂದಿನ ಕೂತ್ರೆ ಕೊಳೆಯಾಗತ್ತಾ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಬಡವರಿಗೆ ಬೆದರಿಕೆ ಹಾಕುವವರಿಗೂ ಒಂದಿಷ್ಟು ನಾಚಿಕೆ ಉಳಿದಿರುತ್ತದೆ ಎಂದುಕೊಂಡು ಅವಳು ಎದ್ದು ಬಂದಿದ್ದಳು.

ಸಂಜೆ ಮನೆಯಲ್ಲಿ ಎಂದಿನಂತೆ ಪತ್ರಿಕೆ ಬಿಡಿಸಿ ಗಟ್ಟಿಯಾಗಿ ಓದಿದಳು. ಅಮ್ಮ ಭುಜದ ಹಿಂದೆ ಕೂತು ಕೇಳಿದಳು. ನಗೆಹನಿ ಬಂದರೆ ಮಗಳು ಕೊನೆಯ ಸಾಲು ಮುಟ್ಟುವ ಮೊದಲೇ ಅಮ್ಮನಿಗೆ ನಗು ಉಕ್ಕುತ್ತಿತ್ತು. ಅಂದು ನಗಲಿಲ್ಲ.

“ಆ ಜಾಗ ಆ ಹುಡುಗನಿಗೇ ಬಿಟ್ಬಿಡೇ,” ಎಂದಳು. “ಪಾಪ, ಅವನ ತಾಯಿಗೆ ಬಸ್ಸಿನ ಬೋರ್ಡೂ ತಿಳಿಯಲ್ಲ.”

“ನಿನಗೇನು ತಿಳಿಯತ್ತೆ ಮಹಾ!” ಮಗಳು ನಕ್ಕಳು. “ಬೆನ್ನಿಗೆ ಇರಿದವನಿಗೆ ನಾನೇ ಕುರ್ಚಿ ಹಾಕಿ ಕೂರಿಸ್ಲಾ?”

“ದೇವರು ಮೆಚ್ಚಬೇಕಲ್ಲ ಮಗಳೇ.”

“ದೇವರು ಓಟು ಹಾಕಲ್ಲಮ್ಮ. ನಾಳೆ ಬಂದು ಒಂದೇ ಒಂದು ಮಾತು ಹೇಳು. ಆ ಚಾಡಿಕೋರನ ಬಾಯಿ ಮುಚ್ಚಿಸ್ತೀನಿ.”

ಅಮ್ಮ ಕೈಮುಗಿದು ಕಣ್ಣು ಮುಚ್ಚಿದಳು. ತುಟಿಗಳು ಅಲುಗಿದವು. ಪ್ರಾರ್ಥನೆ ಅಂದು ಯಾಕೋ ಮುಗಿಯುವಂತೆಯೇ ಕಾಣಲಿಲ್ಲ.

“ಕರೆದವಳು ನೀನು,” ಎಂದಳು ಕಡೆಗೆ. “ಬರ್ತೀನಿ.”

ಮರುದಿನ ಸಂಘದ ಕೋಣೆಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಹಿಂದಿನ ಬೆಂಚಿನವರೆಲ್ಲ ಅಂದು ಮುಂದೆ ಬಂದು ಕೂತಿದ್ದರು. ಗೆಳೆಯ ಬಾಗಿಲ ಮೂಲೆಯಲ್ಲಿದ್ದ. ಅವನ ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ. ಅಮ್ಮ ಕೆಲಸದ ನಿಲುವಂಗಿಯಲ್ಲೇ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಇವಳು ನನ್ನ ತಾಯಿ,” ಎಂದಳು ಮಗಳು. “ನೀವು ತುಳಿದುಕೊಂಡು ಬಂದ ಮೆಟ್ಟಿಲು ಒರೆಸಿದವಳು. ಇವಳಿಗೆ ಓದು ಬರತ್ತೆ ಅಂದವನು ಇಲ್ಲೇ ಇದ್ದಾನೆ. ಈಗ ಹೇಳಲಿ.”

ಮೂಲೆಯಲ್ಲಿದ್ದವನ ಕಣ್ಣು ತುಂಬಿತು.

“ಸಾಕು ಮಗು,” ಎಂದರು ಮೇಷ್ಟ್ರು. “ನೀವು ಹೊರಡಿ ಅಮ್ಮ. ನಿಮ್ಮನ್ನು ಏನೂ ಕೇಳುವುದಿಲ್ಲ.”

“ನಾನು ಕೇಳ್ತೀನಿ ಸರ್! ನೀನು ನಂಬಿದ ದೇವರ ಮೇಲೆ ಆಣೆ ಇಟ್ಟು ಹೇಳಮ್ಮ, ನಿನ್ನ ಓದು ಎಷ್ಟು?”

ಅಮ್ಮ ಬಾಗಿಲ ಮೂಲೆಯ ಹುಡುಗನನ್ನು ಒಮ್ಮೆ ನೋಡಿದಳು. ಕೊರಳಿನಲ್ಲಿದ್ದ ಕೆಲಸದ ಬಿಲ್ಲೆಯನ್ನು ತೆಗೆದು ಮೇಷ್ಟ್ರ ಮುಂದಿಟ್ಟಳು. ಆಮೇಲೆ ಮಗಳ ಕಡೆ ತಿರುಗಿದಳು.

“ಬಿ.ಎ. ಮುಗಿಸಿದ್ದೀನಿ ಕಣೇ. ನಿಮ್ಮಪ್ಪ ಹೋದ ಮೇಲೆ ಯಾವ ಆಫೀಸಿನಲ್ಲೂ ಕೆಲಸ ಸಿಗಲಿಲ್ಲ; ಓದಿದವಳು ಅಂತ ಗುಡಿಸೋ ಕೆಲಸಾನೂ ಕೊಡಲಿಲ್ಲ. ಓದೇ ಬರಲ್ಲ ಅಂತ ಸುಳ್ಳು ಹೇಳಿ ನಿನ್ನ ಸಾಕಿದೆ. ನಿನ್ನ ಮುಖ ನೋಡ್ಕೊಂಡು ಹೇಳೋ ಧೈರ್ಯ ಬರಲಿಲ್ಲ ಮಗಳೇ, ಅದಕ್ಕೇ ಮೇಷ್ಟ್ರ ಹತ್ರ ಹೋಗಿ ದೂರು ಕೊಟ್ಟೆ.”